ಎರಡನೆಯ ಬದಿಯ ಮೌನ

ಆ ರೆಕಾರ್ಡಿನ ಎರಡನೆಯ ಬದಿಯಲ್ಲಿ, ಕೊನೆಯ ಹಾಡಿನ ನಡುವೆ, ನನ್ನ ಅಮ್ಮ ಇದ್ದಕ್ಕಿದ್ದಂತೆ ಸುಮ್ಮನಾಗುತ್ತಾಳೆ. ಒಲೆಯಲ್ಲಿ ಏನೋ ಕುಸಿದ ಸದ್ದು, ಯಾರದೋ ಉಸಿರು, ಆಮೇಲೆ ಮತ್ತೆ ಹಾಡು. ಈ ಮೌನದ ಬಗ್ಗೆ ಬರೆದವರಿಗೆ ಲೆಕ್ಕವಿಲ್ಲ. ಡಬ್ಲಿನ್ನಿನ ಪ್ರೊಫೆಸರೊಬ್ಬರು ಅದನ್ನು ನಮ್ಮ ಹಾಡುಗಾರಿಕೆಯ ಶಿಖರ ಎಂದರು. ಬಾಸ್ಟನ್ನಿನಿಂದ ಬಂದ ಹುಡುಗಿಯೊಬ್ಬಳು ನಮ್ಮ ಅಡುಗೆಮನೆಯಲ್ಲಿ ಕೂತು, ಅಷ್ಟು ಧೈರ್ಯವಾಗಿ ಸುಮ್ಮನಿರುವುದನ್ನು ನಿಮ್ಮ ತಾಯಿ ಎಲ್ಲಿ ಕಲಿತರು ಎಂದು ಕೇಳಿದಳು. ನಾನು ಚಹಾ ಬಗ್ಗಿಸಿ ಕೊಟ್ಟೆ. ಧೈರ್ಯ ಅಂತೆ. ಆ ಹೊತ್ತಿನಲ್ಲಿ ಆ ಕೋಣೆಯೊಳಗೆ ಮೂರು ಜೀವಗಳು ಹೆದರಿ ಸಾಯುತ್ತಿದ್ದವು, ಅದರಲ್ಲಿ ನಾನೂ ಒಬ್ಬಳು.

ನಮ್ಮ ಕಡೆ, ಪಡುವಣ ಕಡಲಂಚಿನ ಕಾನಮಾರಾದ ಈ ಕಲ್ಲುದಂಡೆಯಲ್ಲಿ, ಹಾಡುವವರನ್ನು ಒಂಟಿಯಾಗಿ ಬಿಡುವುದಿಲ್ಲ. ವಾದ್ಯವಿಲ್ಲ, ತಾಳವಿಲ್ಲ, ಹಾಡುವವರು ಕಣ್ಣು ಮುಚ್ಚಿದರೆ ಪಕ್ಕದವರು ಅವರ ಕೈ ಹಿಡಿದುಕೊಳ್ಳುತ್ತಾರೆ. ಹಾಡಿನ ಓಟಕ್ಕೆ ತಕ್ಕಂತೆ ಆ ಕೈಯನ್ನು ಮೆಲ್ಲಗೆ ಸುತ್ತಿಸುತ್ತಾರೆ, ಬಾವಿಯಿಂದ ಹಗ್ಗ ಸೇದುವ ಹಾಗೆ. ಹಾಡಿನ ಒಂದು ನುಡಿ ಮುಗಿದಾಗ ಸುತ್ತ ಕೂತವರು ಸುಮ್ಮನಿರುವುದಿಲ್ಲ. ‘ದೇವರು ನಿನ್ನ ಜೊತೆಗಿರಲಿ’, ‘ಬದುಕು ತಾಯಿ’, ಹೀಗೆ ಏನಾದರೊಂದು ಹೇಳುತ್ತಾರೆ. ಅಮ್ಮ, ಊರಿಗೆಲ್ಲ ಅವಳು ಬಾಬಿನ್, ಹಾಡಿದಾಗಲೆಲ್ಲ ಕೈ ಹಿಡಿಯುತ್ತಿದ್ದುದು ಅಪ್ಪ. ಅಪ್ಪ ಹೋದ ಮೇಲೆ ಆ ಕೆಲಸ ನನಗೆ ಬಂತು. ನನಗೆ ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಹೆಣೆದ ಸ್ವೆಟರುಗಳನ್ನು ಅಂಗಡಿಗೆ ಕೊಟ್ಟುಕೊಂಡು ಅಮ್ಮನ ಜೊತೆಗಿದ್ದೆ.

ಅಮ್ಮನಿಗೆ ಮರೆವು ಶುರುವಾದದ್ದು ಆ ಹಾಡು ರೆಕಾರ್ಡಾದ ವರ್ಷದ ಚಳಿಗಾಲದಲ್ಲಿ. ಮೊದಮೊದಲು ನಗುವಂಥದ್ದೇ. ಕೆಟಲಿನಲ್ಲಿ ಆಲೂಗಡ್ಡೆ ಹಾಕಿಟ್ಟಳು. ಇದ್ದ ಹಸುವನ್ನು ಸತ್ತ ಹಸುವಿನ ಹೆಸರಿನಿಂದ ಕರೆದಳು. ಹಸುವಿಗೇನು, ಅದು ಬಂತು. ಆಮೇಲೆ ಒಂದು ಮಧ್ಯಾಹ್ನ ಬಾವಿಗೆ ಹೋದವಳು ತಿರುಗಿ ಬರಲಿಲ್ಲ. ಹುಡುಕಿಕೊಂಡು ಹೋದರೆ ಮನೆ ಕಾಣುವಷ್ಟು ಹತ್ತಿರದಲ್ಲಿ, ದಾರಿ ಮಧ್ಯೆ, ತುಂಬಿದ ಬಕೆಟ್ಟು ಹಿಡಿದು ನಿಂತಿದ್ದಳು. ನೀರು ತುಳುಕಿ ಅವಳ ಬೂಟಿನ ಮೇಲೆ ಚೆಲ್ಲುತ್ತಿತ್ತು.

“ಯಾವ್ ಕಡೆ ಹೋಗ್ಬೇಕು ಅಂತ ಗೊತ್ತಾಗ್ಲಿಲ್ಲ ಕಣೆ” ಅಂದಳು. “ಯಾರಿಗೂ ಹೇಳ್ಬೇಡ.”

“ಇಲ್ಲ ಬಿಡಮ್ಮ.”

“ಡೀಲಿಯಾ, ನನ್ನ ಅಲ್ಲಿಗೆ ಮಾತ್ರ ಕಳಿಸ್ಬೇಡ. ನ್ಯಾನ್ ಹೋದ ಕಡೆ.”

ನ್ಯಾನ್ ಅಮ್ಮನ ಅಕ್ಕ. ಅವಳಿಗೂ ಹೀಗೆಯೇ ಆಗಿತ್ತಂತೆ. ಜಿಲ್ಲೆಯ ಆ ತುದಿಯಲ್ಲಿ, ಉದ್ದನೆಯ ಬಿಳಿ ಗೋಡೆಯೊಂದರ ಹಿಂದೆ, ಬುದ್ಧಿ ಕೆಟ್ಟವರನ್ನು ಇಡುವ ದೊಡ್ಡ ಆಸ್ಪತ್ರೆ ಇತ್ತು. ಅದರ ಹೆಸರನ್ನು ನಮ್ಮೂರಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಗೋಡೆಯಾಚೆ’ ಎಂದರೆ ಸಾಕು, ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದರು. ನ್ಯಾನ್ ದೊಡ್ಡಮ್ಮ ನಡೆದುಕೊಂಡು ಒಳಗೆ ಹೋದಳು, ಪೆಟ್ಟಿಗೆಯಲ್ಲಿ ಮಲಗಿ ಹೊರಗೆ ಬಂದಳು. ನಡುವೆ ಅಮ್ಮ ಒಮ್ಮೆ ನೋಡಲು ಹೋಗಿದ್ದಳು. ಬಂದ ಮೇಲೆ ಅದರ ಬಗ್ಗೆ ತುಟಿಪಿಟಿಕ್ಕೆನ್ನಲಿಲ್ಲ. ಆದರೆ ಅಂದಿನಿಂದ ಯಾರು ಅವಳ ತಲೆಗೂದಲಿಗೆ ಕತ್ತರಿ ತಂದರೂ ಎದ್ದು ಹೋಗುತ್ತಿದ್ದಳು.

ನಾನು ಮುಚ್ಚಿಟ್ಟೆ. ಪೂಜೆಗೆ ಚರ್ಚಿಗೆ ಹೋದಾಗ ತೋಳಿಗೆ ತೋಳು ಸೇರಿಸಿ ನಡೆಸಿದೆ. ಎದುರು ಬಂದವರ ಹೆಸರನ್ನು ಅವಳಿಗಿಂತ ಮುಂಚೆ ನಾನೇ ಕೂಗಿ ಮಾತಾಡಿಸಿದೆ. ಊರಿನವರು ಡೀಲಿಯಾಗೆ ಈಗ ಬಾಯಿ ಹೆಚ್ಚಾಗಿದೆ ಎಂದರು, ಅನ್ನಲಿ. ಹಾಡುವಾಗಿನ ಉಪಾಯ ಮಾತ್ರ ನಾನೇ ಹೊಸೆದದ್ದು. ನುಡಿ ಮುಗಿದಾಗ ಹೇಳುವ ಮೆಚ್ಚುಗೆಯ ಮಾತಿನೊಳಗೆ ಮುಂದಿನ ನುಡಿಯ ಮೊದಲ ಪದವನ್ನು ಸೇರಿಸಿಬಿಡುತ್ತಿದ್ದೆ. ಅವಳ ದೊಡ್ಡ ಹಾಡು ದೋಣಿಯ ಹಾಡು. ಮುಳುಗಿದ ದೋಣಿಯಲ್ಲಿದ್ದ ಮಗನನ್ನು ತಾಯಿಯೊಬ್ಬಳು ದಂಡೆಯುದ್ದಕ್ಕೂ ಹುಡುಕುತ್ತ ಹೋಗುತ್ತಾಳೆ. ಒಂದೊಂದು ನುಡಿಯಲ್ಲಿ ಒಬ್ಬೊಬ್ಬರನ್ನು, ಬಂಡೆಯನ್ನು, ಕಡಲಹಕ್ಕಿಯನ್ನು, ಪಾಚಿ ಆಯುವವಳನ್ನು, ‘ನನ್ನ ಕೋಲ್ಮನ್‌ನ ಕಂಡಿರಾ’ ಎಂದು ಕೇಳುತ್ತಾಳೆ. ಬಂಡೆಯ ನುಡಿ ಮುಗಿಯುತ್ತಿದ್ದಂತೆ ನಾನು “ಕಡಲಹಕ್ಕಿ ಕೂಡ ಹೀಗೆ ಹಾಡಲ್ಲ ತಾಯಿ” ಅನ್ನುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿದಂತೆಯೇ “ಕಡಲಹಕ್ಕಿಯೇ” ಎಂದು ಎತ್ತಿಕೊಳ್ಳುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ, ಒಬ್ಬನ ಹೊರತು.

ಆ ಒಬ್ಬ ನನ್ನ ತಮ್ಮ ಫೆಸ್ಟಿ. ಗುಡ್ಡದಾಚೆ ಹೆಂಡತಿ ಮಕ್ಕಳ ಜೊತೆಗಿದ್ದ. ಜೌಗುನೆಲದಿಂದ ಕಡಿದು ಒಣಗಿಸಿದ ಉರುವಲ ಹೆಂಟೆಗಳನ್ನು ಲಾರಿಯಲ್ಲಿ ಮನೆಮನೆಗೆ ಹಾಕುವುದು ಅವನ ಕೆಲಸ. ಒಳ್ಳೆಯ ಹುಡುಗ, ಆದರೆ ಹೆದರಿದರೆ ಗದರುವ ಜಾತಿ. ಮಾರ್ಚಿನಲ್ಲಿ ಒಂದು ದಿನ ನಾನು ಅಂಗಡಿಗೆ ಹೋಗಿದ್ದಾಗ ಅವನು ಹೆಂಟೆ ಇಳಿಸಲು ಬಂದಿದ್ದಾನೆ. ಮನೆಯಲ್ಲಿ ಅಮ್ಮನಿಲ್ಲ. ಒದ್ದೆ ಬಟ್ಟೆಗಳನ್ನು ಒಲೆಯ ಮೇಲೆಯೇ ಒಣಹಾಕಿ ಹೋಗಿದ್ದಾಳೆ, ಹೊಗೆ ತುಂಬಿದೆ. ಅಮ್ಮ ಸಿಕ್ಕಿದ್ದು ಮರಳದಂಡೆಯ ತುದಿಯಲ್ಲಿ, ಏರುತ್ತಿದ್ದ ನೀರು ಮೊಣಕಾಲಿಗೆ ಬಂದಿತ್ತು. ಅವನು ಅವಳನ್ನು ಎತ್ತಿಕೊಂಡೇ ಬಂದ.

“ಎಷ್ಟು ದಿನದಿಂದ ಹೀಗಿದಾಳೆ?” ಅಂದ.

“ಇವತ್ತೇ ಮೊದ್ಲು.”

“ಸುಳ್ಳು ಹೇಳೋದನ್ನಾದ್ರೂ ನೆಟ್ಟಗೆ ಕಲಿ. ಹಾಡುವಾಗ ನೀನೇ ಹೇಳ್ಕೊಡ್ತಿರೋದು ನನಗೆ ಕೇಳಿಸಲ್ಲ ಅನ್ಕೊಂಡಿದೀಯಾ? ಇಲ್ನೋಡು, ನಾನೇನು ರಾಕ್ಷಸ ಅಲ್ಲ. ನಾಳೆ ನೀರಲ್ಲಿ ಹೋಗ್ಬಿಟ್ರೆ ಏನ್ ಮಾಡ್ತೀಯ? ನೀನು ಒಳಗಿರುವಾಗ ಮನೆಗೇ ಬೆಂಕಿ ಬಿದ್ರೆ?”

“ಅವಳನ್ನ ಗೋಡೆಯಾಚೆ ಹಾಕಿದ್ರೆ ಸಂತೋಷವಾಗಿರ್ತಾಳಾ?”

“ಬದುಕಿರ್ತಾಳೆ” ಅಂದ. ಅವನ ಪ್ಯಾಂಟಿನಿಂದ ಇನ್ನೂ ಉಪ್ಪುನೀರು ಇಳಿಯುತ್ತಿತ್ತು. “ಡಾಕ್ಟರ್ ಹತ್ರ ಮಾತಾಡ್ತೀನಿ.”

ಅದೇ ವಸಂತದಲ್ಲಿ, ಹಳೆಯ ಹಾಡು ಸಂಗ್ರಹಿಸುವ ಡಬ್ಲಿನ್ನಿನ ಟಿವ್ನನ್ ಸಾಹೇಬರು ಟೇಪು ಯಂತ್ರ ಹೇರಿಕೊಂಡು ಬಂದದ್ದು. ಈ ದಂಡೆಯ ಹಾಡು, ಪಿಟೀಲು, ಕೊಳಲು ಎಲ್ಲ ಒಂದು ರೆಕಾರ್ಡಿನಲ್ಲಿ ಬರಬೇಕು, ಬಾಬಿನ್ನಳ ದೋಣಿಯ ಹಾಡಿಲ್ಲದೆ ಅದಕ್ಕೆ ಅರ್ಥವೇ ಇಲ್ಲ ಎಂದರು. ನಾನು ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಹಾಡ್ತೀನಿ ಎಂದುಬಿಟ್ಟಳು. ಅವಳ ಮುಖ ಅರಳಿದ್ದನ್ನು ನೋಡಿ ತೆರೆದ ಬಾಯಿ ಮುಚ್ಚಿಕೊಂಡೆ. ಅಡುಗೆಮನೆಯಲ್ಲಿ ಅಕ್ಕಪಕ್ಕದವರ ಮುಂದೆ ತಪ್ಪಿದರೆ ಮಾತು ಮರೆಸಬಹುದು, ಚಹಾ ಇಡಬಹುದು. ಯಂತ್ರದ ಎದುರು ಏನನ್ನು ಮರೆಸುವುದು?

ಶನಿವಾರ ರೆಕಾರ್ಡಿಂಗ್ ಎಂಬ ವಿಷಯ ಫೆಸ್ಟಿಗೆ ತಲುಪಿತು. ಬಾಗಿಲಲ್ಲೇ ನಿಂತು ಹೇಳಿದ, “ಡಾಕ್ಟರು ಸೋಮವಾರ ಕರ್ಕೊಂಡು ಬಾ ಅಂದಿದಾರೆ. ಆದ್ರೆ ಒಂದು ಮಾತು. ಶನಿವಾರ ಆ ಹಾಡನ್ನ ಅವಳು ಮೊದಲಿಂದ ಕೊನೆತನಕ ಹಾಡ್ಲಿ. ಹಾಡಿದ್ಲೋ, ಅವಳ ಬುದ್ಧಿ ಇನ್ನೂ ಮನೇಲೇ ಇದೆ ಅಂತ ಒಪ್ಕೊಂಡು ನಾನು ಬಾಯಿ ಮುಚ್ಕೊಂಡಿರ್ತೀನಿ. ತಪ್ಪಿದ್ಲೋ, ಸೋಮವಾರ ಲಾರಿ ತರ್ತೀನಿ. ಅಡ್ಡ ಬರ್ಬೇಡ.”

“ಲಾರೀಲಾ? ಅಮ್ಮನ್ನ ಹೆಂಟೆ ಹೇರಿದ ಹಾಗೆ?”

“ಮುಂದ್ಗಡೆ ಕೂರಿಸ್ಕೊಂಡು ಹೋಗ್ತೀನಿ” ಅಂದ, ಅಳುವವನ ಹಾಗೆ.

ನಾನು ಒಪ್ಪಿದೆ. ನನ್ನ ಉಪಾಯದ ಮೇಲೆ ನನಗೆ ಅಷ್ಟು ನಂಬಿಕೆಯಿತ್ತು.

ಶನಿವಾರ ಮಧ್ಯಾಹ್ನ ಮುಚ್ಚಿಹೋದ ಹಳೆಯ ಶಾಲೆಯಲ್ಲಿ ಸೇರಿದೆವು. ಕಿಟಕಿಗಳಿಗೆ ಕಂಬಳಿ ಹೊಡೆದಿದ್ದರು, ಗಾಳಿಯ ಸದ್ದು ಬರದಿರಲೆಂದು. ಒಲೆಯ ಬೆಂಕಿ, ಒಂದು ಬಲ್ಬು. ಪಿಟೀಲಿನವರೂ ಕೊಳಲಿನವರೂ ಬೆಳಿಗ್ಗೆಯೇ ನುಡಿಸಿ ಹೆಂಡದಂಗಡಿಗೆ ಇಳಿದಿದ್ದರು. ಉಳಿದವರು ಯಂತ್ರದ ಮುಂದೆ ಟಿವ್ನನ್, ಗೋಡೆಗೊರಗಿ ಫೆಸ್ಟಿ, ಬೆಂಕಿಯ ಪಕ್ಕ ನಾನು ಮತ್ತು ಅಮ್ಮ. ಅಮ್ಮ ಒಳ್ಳೆಯ ಕೋಟು ಹಾಕಿಕೊಂಡಿದ್ದಳು. ಫೆಸ್ಟಿ ಕೂಡ ತನ್ನ ಮದುವೆಯ ಅಂಗಿ ಹಾಕಿ ಬಂದಿದ್ದ. ಹೊಟ್ಟೆಯ ಮೇಲೆ ಒಂದು ಗುಂಡಿ ಕೂರುತ್ತಿರಲಿಲ್ಲ.

ಎರಡು ಸಣ್ಣ ಹಾಡುಗಳು ಸಲೀಸಾಗಿ ಹೋದವು. ನಾನು ಕೈ ಸುತ್ತಿಸಿದೆ, ನಡುನಡುವೆ ನನ್ನ ಮಾತು ಸೇರಿಸಿದೆ. ಟಿವ್ನನ್ ಯಂತ್ರ ನಿಲ್ಲಿಸಿ ಕಿವಿಯ ಮೇಲಿದ್ದದ್ದನ್ನು ಕೆಳಗಿಳಿಸಿದರು. ಶಾಲೆಯಲ್ಲಿ ಕಲಿತ ನಮ್ಮ ಭಾಷೆಯಲ್ಲಿ, ತುಂಬ ಮರ್ಯಾದೆಯಿಂದ ಹೇಳಿದರು:

“ಡೀಲಿಯಾ ಅವ್ರೇ, ತಪ್ಪು ತಿಳೀಬೇಡಿ. ಕೈ ಹಿಡ್ಕೊಳ್ಳಿ, ಅದು ಇರ್ಲಿ. ಆದ್ರೆ ದೊಡ್ಡ ಹಾಡಲ್ಲಿ ನೀವು ಮಾತಾಡ್ಬೇಡಿ. ಮೈಕು ನಿಮ್ಮ ಪಕ್ಕದಲ್ಲೇ ಇದೆ, ನಿಮ್ಮ ದನಿ ಅವರ ದನಿ ಮೇಲೆ ಬೀಳುತ್ತೆ.”

“ನಮ್ಮಲ್ಲಿ ಮಾತಾಡದೆ ಕೂತ್ರೆ ಹಾಡು ಇಷ್ಟವಾಗ್ಲಿಲ್ಲ ಅಂತ ಅರ್ಥ ಸ್ವಾಮಿ.”

“ಗೊತ್ತು. ಇದೊಂದು ಸಲ.”

“ನಾನು ಮೆಲ್ಲಗೆ...”

“ಡೀಲಿಯಾ” ಅಂದ ಫೆಸ್ಟಿ, ಗೋಡೆಯ ಕಡೆಯಿಂದ. “ಸಾಹೇಬ್ರು ಹೇಳಿದ್ದು ಕೇಳಿಸ್ತಲ್ಲ.”

ಹಾಡಬೇಡ, ತಲೆನೋವು ಅನ್ನು ಎಂದು ಅಮ್ಮನ ಕಿವಿಯಲ್ಲಿ ಹೇಳಲು ಬಗ್ಗಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಹಾಡುವ ಮುಂಚೆ ಯಾವತ್ತೂ ಮುಚ್ಚಿರುತ್ತಿದ್ದ ಕಣ್ಣು ಅವತ್ತು ಅಗಲವಾಗಿ ತೆರೆದಿತ್ತು. ಅವಳಿಗೆ ಎಲ್ಲ ಗೊತ್ತು ಎಂದು ಆಗ ತಿಳಿಯಿತು. ಲಾರಿ, ಸೋಮವಾರ, ನನ್ನ ಉಪಾಯ, ಎಲ್ಲವೂ. ಬಾಗಿಲಲ್ಲಿ ನಿಂತು ಮಾತಾಡಿದರೆ ಒಳಗಿರುವವಳಿಗೆ ಕೇಳಿಸದೇ? ಬೇರೆ ಏನೇನೋ ಮರೆತಿದ್ದಳು. ಹೆದರಿಕೆಯನ್ನು ಮಾತ್ರ ಅವಳು ಮರೆತಿರಲಿಲ್ಲ.

ಕೈ ಚಾಚಿದಳು. ಹಿಡಿದೆ. ಮಂಜುಗಡ್ಡೆಯಂತಿತ್ತು. ಕಣ್ಣು ಮುಚ್ಚಿ ಶುರುಮಾಡಿದಳು.

ಅಂಥ ದನಿ ನಾನು ಅವಳಿಂದಲೂ ಕೇಳಿರಲಿಲ್ಲ. ಕತ್ತಲಲ್ಲಿ ಗೋಡೆ ತಡವಿಕೊಂಡು ನಡೆಯುವವರ ಹಾಗೆ ಒಂದೊಂದು ಪದವನ್ನೂ ಮುಟ್ಟಿ ನೋಡಿ ಮುಂದಿನದಕ್ಕೆ ಹೋಗುತ್ತಿದ್ದಳು. ಬಂಡೆಯ ನುಡಿ ಮುಗಿಯಿತು. ನನ್ನ ನಾಲಿಗೆ ತುದಿಗೆ ಕಡಲಹಕ್ಕಿ ಬಂದು ಕೂತಿತ್ತು, ತುಟಿ ಕಚ್ಚಿಕೊಂಡೆ. ಅವಳ ಬೆರಳು ನನ್ನ ಅಂಗೈಯನ್ನು ಒತ್ತಿತು, ಕೇಳುವ ಹಾಗೆ. ನಾನು ಕೈ ಸುತ್ತಿಸುತ್ತಲೇ ಇದ್ದೆ. ಅದೆಲ್ಲಿಂದಲೋ ಅವಳಿಗೆ ಸಿಕ್ಕಿತು. “ಕಡಲಹಕ್ಕಿಯೇ...” ಆಮೇಲೆ ಪಾಚಿ ಆಯುವವಳ ನುಡಿ, ಅದೂ ಬಂತು. ಬಲೆ ಹೆಣೆಯುವ ಮುದುಕನದೂ ಬಂತು. ಇನ್ನು ಉಳಿದದ್ದು ಎರಡು ನುಡಿ. ಸಾವಿನ ಮನೆಯ ದೀಪದ್ದೊಂದು, ಕೊನೆಯಲ್ಲಿ ಉಬ್ಬರವೇ ತಾಯಿಗೆ ಉತ್ತರ ಕೊಡುವುದೊಂದು. ಫೆಸ್ಟಿಯ ಕಡೆ ಕಣ್ಣು ಹಾಯಿಸಿದೆ. ಗೆದ್ದೆವು ಅಂದುಕೊಂಡೆ.

ಅಮ್ಮನ ಹಾಡು ನಿಂತಿತು.

ಮೊದಲು ನನಗೆ ಗೊತ್ತಾದದ್ದು ಕೈಯಿಂದ. ಸುತ್ತುತ್ತಿದ್ದ ಕೈ ಅರ್ಧಕ್ಕೆ ನಿಂತು ಕಲ್ಲಾಯಿತು. ಅವಳು ಕಣ್ಣು ತೆರೆದಳು. ಆ ಕಣ್ಣುಗಳಲ್ಲಿ ಶಾಲೆ ಇರಲಿಲ್ಲ, ಬೆಂಕಿ ಇರಲಿಲ್ಲ, ನಾನಿರಲಿಲ್ಲ. ಬಾವಿಯ ದಾರಿಯಲ್ಲಿ ಬಕೆಟ್ಟು ಹಿಡಿದು ನಿಂತವಳು ಅಲ್ಲಿ ಕೂತಿದ್ದಳು. ಟೇಪಿನ ಗಾಲಿಗಳು ತಿರುಗುತ್ತಲೇ ಇದ್ದವು. ಟಿವ್ನನ್ ತಲೆ ತಗ್ಗಿಸಿಕೊಂಡು, ಇದೂ ಹಾಡೇ ಎಂಬಂತೆ ಕೇಳುತ್ತಿದ್ದರು. ದೀಪ, ದೀಪ, ದೀಪ ಎಂದು ನನ್ನ ತಲೆಯೊಳಗೆ ಬಡಿದುಕೊಳ್ಳುತ್ತಿತ್ತು. ತುಟಿಯನ್ನಾದರೂ ಆಡಿಸಿ ತೋರಿಸೋಣವೆಂದರೆ ಅವಳು ನನ್ನನ್ನು ನೋಡುತ್ತಲೇ ಇರಲಿಲ್ಲ. ಒಲೆಯಲ್ಲಿ ಹೆಂಟೆಯೊಂದು ಕುಸಿದು ಬಿತ್ತು. ಫೆಸ್ಟಿ ಗೋಡೆ ಬಿಟ್ಟು ನೆಟ್ಟಗೆ ನಿಂತ. ಸೋಮವಾರ ಬಂದೇಬಿಟ್ಟಿತು ಅನ್ನಿಸಿತು. ಮಾತಾಡಲಾರದೆ ಅವಳ ಕೈಯನ್ನು ನಾನೇ ಸುತ್ತಿಸಿದೆ, ಬಲವಂತವಾಗಿ, ತುಕ್ಕು ಹಿಡಿದ ರಾಟೆಯನ್ನು ತಿರುಗಿಸುವ ಹಾಗೆ. ಒಂದು ಸುತ್ತು. ಇನ್ನೊಂದು.

ಅಮ್ಮ ಉಸಿರೆಳೆದುಕೊಂಡಳು. ಅದೇ ಧಾಟಿಯಲ್ಲಿ, ಆ ಹಾಡಿನಲ್ಲಿ ಯಾವತ್ತೂ ಇರದಿದ್ದ ನುಡಿಯೊಂದನ್ನು ಹಾಡಿದಳು.

ಗೋಡೆಯೇ, ಉದ್ದನೆ ಬಿಳಿಯ ಗೋಡೆಯೇ, ನನ್ನಕ್ಕನ ಕಂಡೆಯಾ?
ಕೂದಲ ಕತ್ತರಿಸಿ ಕೂರಿಸಿದ್ದರು, ಕೂಗಿದರೆ ತಿರುಗಲಿಲ್ಲ.
ದಾರಿ ತಪ್ಪಿದೆ ನನಗೂ ಈಗ, ನೀರು ಏರುತ್ತ ಬಂದಿದೆ,
ಹೆತ್ತ ಮಕ್ಕಳೇ ಕೈಯ ಬಿಟ್ಟರೆ ಯಾವ ದಂಡೆಗೆ ಸೇರಲಿ?

ಕಡೆಯ ಸಾಲಿನಲ್ಲಿ ಅವಳ ಉಗುರು ನನ್ನ ಅಂಗೈಗೆ ಇಳಿದಿತ್ತು. ಅಲ್ಲಿಂದ ಸೀದಾ ಉಬ್ಬರದ ನುಡಿಗೆ ಹೋದಳು, ಏನೂ ಆಗದವಳ ಹಾಗೆ ಹಾಡು ಮುಗಿಸಿದಳು. ಕೊನೆಯ ಪದಗಳನ್ನು ನಮ್ಮಲ್ಲಿ ಹಾಡುವುದಿಲ್ಲ, ಮಾತಿನಂತೆ ಹೇಳಿಬಿಡುತ್ತೇವೆ. ಹಾಗೆಯೇ ಹೇಳಿ ಕೋಟಿನ ಗುಂಡಿ ಸರಿಮಾಡಿಕೊಂಡಳು.

ಟಿವ್ನನ್ ಯಂತ್ರ ನಿಲ್ಲಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. “ಆ ಗೋಡೆಯ ನುಡಿ ನಾನು ಎಲ್ಲೂ ಕೇಳಿಲ್ಲಮ್ಮ. ಯಾರಿಂದ ಕಲಿತ್ರಿ?”

“ಯಾವ ಗೋಡೆ?” ಅಂದಳು ಅಮ್ಮ. ಆಮೇಲೆ ನನ್ನ ಕಡೆ ತಿರುಗಿ, “ಚಹಾ ಕೊಡಲ್ವಂತಾ ಇವರು? ಗಂಟಲು ಒಣಗಿ ಹೋಯ್ತು.”

ತಿರುಗಿ ನೋಡಿದರೆ ಗೋಡೆಯ ಬಳಿ ಫೆಸ್ಟಿ ಇರಲಿಲ್ಲ. ಹೊರಗೆ ಹೋದೆ. ಲಾರಿಯ ಆಚೆ ಬದಿಯಲ್ಲಿ, ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ. ಬೆಂಕಿಕಡ್ಡಿ ಗೀರುತ್ತಿದ್ದ, ಅದು ಆರುತ್ತಿತ್ತು, ಇನ್ನೊಂದು ಗೀರುತ್ತಿದ್ದ. ಬಾಯಲ್ಲಿ ಸಿಗರೇಟು ಇರಲೇ ಇಲ್ಲ.

“ತಪ್ಪಿದ್ಲು” ಅಂದ.

“ಮುಗಿಸಿದ್ಲಲ್ಲೋ. ಕೊನೆತನಕ ಹಾಡಿದ್ಲು.”

“ದೀಪದ ನುಡಿ ಬರ್ಲಿಲ್ಲ. ನಾನೂ ಅವಳ ಹೊಟ್ಟೇಲೇ ಹುಟ್ಟಿದ್ದು, ನನಗೂ ಆ ಹಾಡು ಬರುತ್ತೆ. ಬುದ್ಧಿ ಹೋಗಿದೆ ಅವಳಿಗೆ, ಡೀಲಿಯಾ. ಪೂರ್ತಿ ಹೋಗ್ತಾ ಇದೆ.” ಕಡ್ಡಿಪೆಟ್ಟಿಗೆಯನ್ನು ಜೇಬಿಗೆ ಹಾಕಿ ಮತ್ತೆ ಹೊರಗೆ ತೆಗೆದ. “ನನಗೆ ಕೇಳಿಸ್ಲಿ ಅಂತ ಹಾಡಿದ್ಲಾ? ನಾನಲ್ಲಿ ಇದೀನಿ ಅಂತ ಗೊತ್ತಿತ್ತಾ ಅವಳಿಗೆ?”

“ಗೊತ್ತಿಲ್ಲ ಕಣೋ.”

ಅವನು ಲಾರಿ ಹತ್ತಿ ಹೊರಟುಹೋದ.

ಭಾನುವಾರ ಹೇಗೆ ಕಳೆಯಿತೋ ಆ ದೇವರಿಗೇ ಗೊತ್ತು. ಅಮ್ಮನ ಚಿಕ್ಕ ಸೂಟ್‌ಕೇಸನ್ನು ಮಂಚದ ಕೆಳಗೆ ಒಳಕ್ಕೆ ತಳ್ಳಿದೆ, ಅದು ಸಿಗದಿದ್ದರೆ ಅವಳನ್ನು ಕರೆದೊಯ್ಯಲು ಆಗುವುದಿಲ್ಲ ಎಂಬಂತೆ. ಸೋಮವಾರ ಬೆಳಿಗ್ಗೆ ಲಾರಿಯ ಸದ್ದು ಗುಡ್ಡ ಇಳಿದು ಬಂತು. ಬಾಗಿಲಿಗೆ ಅಗುಳಿ ಹಾಕಿ, ಬೆನ್ನು ಕೊಟ್ಟು ನಿಂತೆ. ಅಮ್ಮ ಬೆಂಕಿಯ ಬಳಿ ಕೂತು, ಯಾರು ಬಂದ್ರು, ಯಾರು ಬಂದ್ರು ಎಂದು ಕೇಳುತ್ತಿದ್ದಳು.

ಫೆಸ್ಟಿ ಬಾಗಿಲು ಬಡಿಯಲಿಲ್ಲ. ಹೊರಗೆ ಕಬ್ಬಿಣದ ಸದ್ದು, ಸುತ್ತಿಗೆಯ ಸದ್ದು. ಬಹಳ ಹೊತ್ತಿನ ಮೇಲೆ ಕಿಟಕಿಯಿಂದ ಬಗ್ಗಿ ನೋಡಿದೆ. ಮರಳದಂಡೆಗೆ ಇಳಿಯುವ ದಾರಿಗೆ ಗೇಟು ಕೂರಿಸುತ್ತಿದ್ದ. ಅದಾದ ಮೇಲೆ ಒಲೆಯ ಮುಂದೆ ನಿಲ್ಲಿಸುವ ಜಾಲರಿಯೊಂದನ್ನು ಲಾರಿಯಿಂದ ಇಳಿಸಿದ. ಅಗುಳಿ ತೆಗೆದೆ. ಅವನು ನನ್ನ ಮುಖ ನೋಡದೆ, “ಬುಧವಾರ, ಶುಕ್ರವಾರ ನಾನು ಬಂದು ಕೂರ್ತೀನಿ. ನೀನು ಅಂಗಡಿಗೋ ಎಲ್ಲಿಗೋ ಹೋಗ್ಬಾ. ಸ್ವಲ್ಪ ನಿದ್ದೆ ಮಾಡು, ಪ್ರೇತದ ಹಾಗಿದೀಯ” ಅಂದ. ನಾನು ಹೊಸಿಲ ಮೇಲೆ ಕೂತು ಅತ್ತುಬಿಟ್ಟೆ.

ರೆಕಾರ್ಡು ಅಂಚೆಯಲ್ಲಿ ಬಂದದ್ದು ಮುಂದಿನ ಚಳಿಗಾಲದಲ್ಲಿ. ಅಷ್ಟರಲ್ಲಿ ಅಮ್ಮ ಹಾಡುವುದನ್ನೇ ನಿಲ್ಲಿಸಿದ್ದಳು. ನನ್ನನ್ನು ಕೆಲವು ದಿನ ನ್ಯಾನ್ ಅನ್ನುತ್ತಿದ್ದಳು, ಕೆಲವು ದಿನ ಏನೂ ಅನ್ನುತ್ತಿರಲಿಲ್ಲ. ಫೆಸ್ಟಿ ತನ್ನ ಮನೆಯ ಗ್ರಾಮಫೋನನ್ನು ತಂದು ಮೇಜಿನ ಮೇಲಿಟ್ಟ. ಮುಳ್ಳು ಇಡುವಾಗ ಮೊದಲ ಸಲ ಅದು ಜಾರಿತು.

ಪಿಟೀಲು ಬಂತು, ಕೊಳಲು ಬಂತು. ಅಮ್ಮ ಕಾಲು ಕುಣಿಸಿದಳು. ಎರಡನೆಯ ಬದಿಯಲ್ಲಿ ದೋಣಿಯ ಹಾಡು ಶುರುವಾದಾಗ ಕಾಲು ನಿಂತಿತು. ತಲೆ ವಾಲಿಸಿ ಕೇಳತೊಡಗಿದಳು. ಬಂಡೆ, ಕಡಲಹಕ್ಕಿ, ಪಾಚಿಯವಳು, ಬಲೆಯ ಮುದುಕ. ಆಮೇಲೆ ಆ ಮೌನ. ನಾನು ಉಸಿರು ಬಿಗಿಹಿಡಿದು ಕೂತೆ, ಮುಂದೆ ಏನಾಗುತ್ತದೆಂದು ಗೊತ್ತಿದ್ದೂ.

ಗೋಡೆಯ ನುಡಿ ಕೇಳುತ್ತಿದ್ದಂತೆ ಅಮ್ಮ ಕುರ್ಚಿಯ ತುದಿಗೆ ಬಂದಳು.

“ಯಾರಿದು, ಈ ಹೆಂಗಸು?” ಅಂದಳು.

ಫೆಸ್ಟಿ ತನ್ನ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ.

“ಪಾಪ, ತುಂಬ ಹೆದರ್ಕೊಂಡಿದಾಳೆ” ಅಂದಳು ಅಮ್ಮ. “ಕೇಳಿಸ್ತಿಲ್ವಾ ನಿಮಗೆ? ಯಾರೂ ಅವಳ ಕೈ ಹಿಡ್ಕೊಂಡಿಲ್ವಾ?”

“ಹಿಡ್ಕೊಂಡಿದಾರಮ್ಮ” ಎಂದು ನಾನು ಅವಳ ಬಲಗೈ ಹಿಡಿದುಕೊಂಡೆ.

ಫೆಸ್ಟಿ ಸ್ಟೂಲಿನಿಂದ ಎದ್ದು ಬಂದು ಅವಳ ಮುಂದೆ ಮಂಡಿಯೂರಿದ. ಬದುಕಿನಲ್ಲಿ ಯಾವ ಹಾಡಿಗೂ ಅವನು ಯಾರ ಕೈಯನ್ನೂ ಹಿಡಿದವನಲ್ಲ. ಅಮ್ಮನ ಎಡಗೈಯನ್ನು ಎತ್ತಿಕೊಂಡು ಹಾಡಿಗೆ ಸರಿಯಾಗಿ ಸುತ್ತಿಸಲು ನೋಡಿದ. ಅದು ಹಾಡಿಗಿಂತ ಸ್ವಲ್ಪ ಹಿಂದೆ ಹಿಂದೆಯೇ ಬರುತ್ತಿತ್ತು, ಅಮ್ಮ ತಡೆದು ತಡೆದು ಅವನಿಗೆ ದಾರಿ ತೋರಿಸುತ್ತಿದ್ದಳು.